ಬೀಗ ಭದ್ರ, ಹೊಂದಿಕೆ ಸಡಿಲ

ಇ-ಆಧಾರ್ ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡವರಿಗೆಲ್ಲ ಪರಿಚಿತವಾದ ಸಂಗತಿಯೊಂದಿದೆ. ಆ ಪಿಡಿಎಫ್ ಕಡತ ಬೀಗ ಹಾಕಿಸಿಕೊಂಡೇ ಬರುತ್ತದೆ. ತೆರೆಯಬೇಕಾದರೆ ಎಂಟು ಚಿಹ್ನೆಗಳ ಗುಪ್ತಪದ ಬೇಕು. ಅದು ಯಾವುದೆಂಬುದನ್ನು ಪ್ರಾಧಿಕಾರವೇ ತಿಳಿಸುತ್ತದೆ: ಹೆಸರಿನ ಮೊದಲ ನಾಲ್ಕು ಅಕ್ಷರಗಳು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಅದಕ್ಕೆ ಅಂಟಿಕೊಂಡಂತೆ ಹುಟ್ಟಿದ ವರ್ಷ. ಇಂಗ್ಲಿಷಿನ 26 ಅಕ್ಷರ ಮತ್ತು ಹತ್ತು ಅಂಕಿಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿ ಎಂಟು ಚಿಹ್ನೆಗಳ ಗುಪ್ತಪದ ಕಟ್ಟುವುದಾದರೆ ಸುಮಾರು 2.8 ಲಕ್ಷ ಕೋಟಿ ಸಾಧ್ಯತೆಗಳಿವೆ. ಆದರೆ ಕಡತ ಯಾರದೆಂದು ಬಲ್ಲವನಿಗೆ ಹೆಸರು ಗೊತ್ತೇ ಇರುತ್ತದೆ. ಉಳಿಯುವುದು ಹುಟ್ಟಿದ ವರ್ಷವೊಂದೇ. ಬದುಕಿರುವ ಮನುಷ್ಯನ ಹುಟ್ಟಿದ ವರ್ಷಕ್ಕೆ ಹೆಚ್ಚೆಂದರೆ ನೂರು ಸಾಧ್ಯತೆ. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. ತಾಳ್ಮೆಯಿರುವ ಮನುಷ್ಯನೂ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು.

ಆದಾಯ ತೆರಿಗೆ ಇಲಾಖೆ ಮಿಂಚಂಚೆಯಲ್ಲಿ ಕಳಿಸುವ ಸೂಚನಾಪತ್ರದ್ದೂ ಇದೇ ಕತೆ. ಅಲ್ಲಿ ಗುಪ್ತಪದವೆಂದರೆ ಪ್ಯಾನ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ. ಪ್ಯಾನ್ ಕಾರ್ಡಿನಲ್ಲಿ ಈ ಎರಡೂ ಒಟ್ಟಿಗೇ ಅಚ್ಚಾಗಿರುತ್ತವೆ. ಆ ಕಾರ್ಡಿನ ಜೆರಾಕ್ಸ್ ಪ್ರತಿಯನ್ನು ನಾವು ಬ್ಯಾಂಕಿಗೆ, ಮೊಬೈಲ್ ಅಂಗಡಿಗೆ, ಬಾಡಿಗೆ ಮನೆಯ ಮಾಲೀಕರಿಗೆ ಹಂಚುತ್ತಲೇ ಬಂದಿದ್ದೇವೆ.

ಇಲ್ಲಿ ಗೂಢಲಿಪಿಯ ಗಣಿತದಲ್ಲಿ ದೋಷವೇನೂ ಇಲ್ಲ. ಪಿಡಿಎಫ್ ಕಡತಗಳಿಗೆ ಇಂದು ಬಳಸಬಹುದಾದ ಎಇಎಸ್ ಎಂಬ ವಿಧಾನವನ್ನು ಬೆಲ್ಜಿಯಂನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದರು. ಅಮೆರಿಕದ ಸರ್ಕಾರ 2001ರಲ್ಲಿ ಅದನ್ನು ತನ್ನ ಮಾನಕವಾಗಿ ಅಂಗೀಕರಿಸಿತು. ಜಗತ್ತಿನ ಬ್ಯಾಂಕುಗಳೆಲ್ಲ ಅದನ್ನೇ ನಂಬಿವೆ. ಸಮಸ್ಯೆ ಇರುವುದು ಆ ಭದ್ರವಾದ ಬೀಗವನ್ನು ಹೇಗೆ ಹೊಂದಿಸಲಾಗಿದೆ ಎಂಬಲ್ಲಿ. ಪ್ಯಾರಿಸ್ಸಿನಲ್ಲಿ ಭಾಷಾ ಪ್ರಾಧ್ಯಾಪಕನಾಗಿದ್ದ ಆಗಸ್ಟ್ ಕೆರ್ಕಾಫ್ಸ್ 1883ರಲ್ಲೇ ಒಂದು ಸೂತ್ರವನ್ನು ಮಂಡಿಸಿದ್ದ: ಗೂಢಲಿಪಿಯ ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ಚಿಂತೆಯಿರಬಾರದು, ಕೀಲಿಕೈ ಮಾತ್ರ ಗುಟ್ಟಾಗಿರಬೇಕು. ನಮ್ಮ ಕಚೇರಿಗಳು ಕೀಲಿಕೈ ಮಾಡುವ ವಿಧಾನವನ್ನೇ ಪ್ರಕಟಣೆಯಾಗಿ ಹೊರಡಿಸುತ್ತವೆ.

ಗೂಢಲಿಪಿಯ ಕುರಿತ ನಮ್ಮ ಚರ್ಚೆಗಳೆಲ್ಲ 128 ಬಿಟ್, 256 ಬಿಟ್ ಎಂಬ ಬೀಗದ ತೂಕದ ಸುತ್ತಲೇ ಸುತ್ತುತ್ತವೆ. ತಂತ್ರಾಂಶದ ‘ಸೆಟ್ಟಿಂಗ್ಸ್’ ಪುಟದಲ್ಲಿ ಯಾವ ಚೌಕಕ್ಕೆ ಗುರುತು ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ, ಆ ಗುರುತನ್ನು ಹಾಕಿದವರು ಯಾರು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಮೂವತ್ತು ವರ್ಷಗಳ ಅನುಭವವನ್ನು ನೋಡಿದರೆ ಗೂಢಲಿಪಿ ಸೋತದ್ದು ಬಹುಪಾಲು ಈ ಪುಟದಲ್ಲೇ.

ಸರಳ ಉದಾಹರಣೆಯೊಂದನ್ನು ನೋಡೋಣ. ಲೆಕ್ಕಪರಿಶೋಧಕರ ಕಚೇರಿಯಿಂದ ಹಿಡಿದು ಸಣ್ಣ ಕಾರ್ಖಾನೆಯ ಸಂಬಳ ವಿಭಾಗದವರೆಗೆ ಹಲವರು ಕಡತಗಳನ್ನು ಜಿಪ್ ಮಾಡಿ, ಗುಪ್ತಪದ ಹಾಕಿ ಕಳಿಸುತ್ತಾರೆ. ಅದಕ್ಕೆ ‘7-ಜಿಪ್’ ಎಂಬ ಉಚಿತ ತಂತ್ರಾಂಶ ಬಹಳ ಜನಪ್ರಿಯ. ಅದರಲ್ಲಿ ಜಿಪ್ ಮಾದರಿಯನ್ನು ಆಯ್ದುಕೊಂಡರೆ ಗೂಢಲಿಪಿಯ ವಿಧಾನ ಎಂಬಲ್ಲಿ ಎರಡು ಆಯ್ಕೆಗಳಿರುತ್ತವೆ: ಜಿಪ್‌ಕ್ರಿಪ್ಟೊ ಮತ್ತು ಎಇಎಸ್-256. ನಾವೇನೂ ಮುಟ್ಟದಿದ್ದರೆ ಮೊದಲನೆಯದೇ ಇರುತ್ತದೆ. ಜಿಪ್‌ಕ್ರಿಪ್ಟೊ ಎಂಬುದು ಹಳೆಯ ಕಾಲದ ವಿಧಾನ. ಒಳಗಿರುವ ಕಡತದ ಒಂದಿಷ್ಟು ಭಾಗ ಗೊತ್ತಿದ್ದರೂ ಉಳಿದದ್ದನ್ನು ಬಿಡಿಸಬಹುದೆಂದು ಬಿಹಾಮ್ ಮತ್ತು ಕೋಚರ್ ಎಂಬ ಇಬ್ಬರು ಸಂಶೋಧಕರು 1994ರಲ್ಲಿಯೇ ತೋರಿಸಿಕೊಟ್ಟರು. ಹಾಗಿದ್ದೂ ಅದು ಮೊದಲ ಸ್ಥಾನದಲ್ಲಿ ಕುಳಿತಿರುವುದಕ್ಕೆ ಕಾರಣ, ಹಳೆಯ ಕಂಪ್ಯೂಟರುಗಳೂ ಅದನ್ನು ತೆರೆಯಬಲ್ಲವು ಎಂಬ ಅನುಕೂಲ. 7ಜೆಡ್ ಎಂಬ ಇನ್ನೊಂದು ಮಾದರಿಯನ್ನು ಆರಿಸಿಕೊಂಡರೆ ಎಇಎಸ್ ತಾನಾಗಿಯೇ ಬರುತ್ತದೆ. ಆದರೆ ಅಲ್ಲಿಯೂ ‘ಕಡತಗಳ ಹೆಸರನ್ನೂ ಮುಚ್ಚು’ ಎಂಬ ಚೌಕ ಖಾಲಿಯಾಗಿಯೇ ಇರುತ್ತದೆ. ಸಿಬ್ಬಂದಿಯೊಬ್ಬರ ಹೆಸರಿನ ಮುಂದೆ ‘ಅಮಾನತು ಆದೇಶ’ ಎಂದಿರುವ ಕಡತವನ್ನು ಎಷ್ಟೇ ಭದ್ರವಾಗಿ ಮುಚ್ಚಿದರೂ ಹೆಸರೇ ಎಲ್ಲವನ್ನೂ ಹೇಳಿಬಿಡುತ್ತದೆ. ಎರಡು ಗುರುತುಗಳನ್ನು ಬದಲಿಸುವುದು ಅರ್ಧ ನಿಮಿಷದ ಕೆಲಸ. ಆ ಕಚೇರಿಗಳಲ್ಲಿ ಎಷ್ಟು ಮಂದಿ ಅದನ್ನು ಮಾಡುತ್ತಾರೆ?

ಅಂಚೆಪೆಟ್ಟಿಗೆಯ ತತ್ತ್ವ

ಕಡತದ ಗೂಢಲಿಪಿಯಲ್ಲಿ ಇಬ್ಬರಿಗೂ ಒಂದೇ ಗುಪ್ತಪದ. ಮಿಂಚಂಚೆಯಲ್ಲಿ ಈ ವ್ಯವಸ್ಥೆ ಸಾಲದು, ಏಕೆಂದರೆ ಎಂದೂ ಭೇಟಿಯಾಗದವರಿಗೆ ಗುಪ್ತಪದವನ್ನು ಮುಟ್ಟಿಸುವುದು ಹೇಗೆಂಬ ಪ್ರಶ್ನೆಯೇ ಬಗೆಹರಿಯುವುದಿಲ್ಲ. ಇದಕ್ಕೆ ಉತ್ತರವಾಗಿ ಬಂದದ್ದು ಜೋಡಿ ಕೀಲಿಗಳ ಪದ್ಧತಿ. ರಸ್ತೆಬದಿಯ ಕೆಂಪು ಅಂಚೆಪೆಟ್ಟಿಗೆಯನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಪೆಟ್ಟಿಗೆಯ ಸೀಳಿನೊಳಗೆ ಯಾರು ಬೇಕಾದರೂ ಪತ್ರ ಹಾಕಬಹುದು. ಬಾಗಿಲು ತೆರೆಯುವ ಕೈ ಅಂಚೆಯವನದು ಮಾತ್ರ. ಪ್ರತಿಯೊಬ್ಬರಿಗೂ ಇಂಥದೊಂದು ಪೆಟ್ಟಿಗೆ: ಎಲ್ಲರಿಗೂ ಹಂಚುವ ಸಾರ್ವಜನಿಕ ಕೀಲಿ ಒಂದು, ತನ್ನಲ್ಲೇ ಇಟ್ಟುಕೊಳ್ಳುವ ಖಾಸಗಿ ಕೀಲಿ ಇನ್ನೊಂದು.

ಇದನ್ನು ಜನಸಾಮಾನ್ಯರ ಕೈಗೆ ತಂದವರು ಅಮೆರಿಕದ ಫಿಲ್ ಜಿಮ್ಮರ್‌ಮನ್. ಅವರು 1991ರಲ್ಲಿ ಹೊರತಂದ ಪಿಜಿಪಿ ಎಂಬ ತಂತ್ರಾಂಶ ದೇಶದ ಗಡಿ ದಾಟಿ ಹರಡಿತು. ಪ್ರಬಲ ಗೂಢಲಿಪಿಯನ್ನು ಶಸ್ತ್ರಾಸ್ತ್ರಗಳ ಸಾಲಿನಲ್ಲಿ ಸೇರಿಸಿದ್ದ ರಫ್ತು ಕಾನೂನಿನಡಿ 1993ರಲ್ಲಿ ಅವರ ಮೇಲೆ ತನಿಖೆ ಆರಂಭವಾಗಿ, 1996ರ ಜನವರಿಯಲ್ಲಿ ಮೊಕದ್ದಮೆಯಿಲ್ಲದೆ ಮುಗಿಯಿತು. ಈ ನಡುವೆ 1995ರಲ್ಲಿ ಪಿಜಿಪಿಯ ಮೂಲಸಂಕೇತವನ್ನೇ ಎಂಐಟಿ ಪ್ರೆಸ್ ಪುಸ್ತಕವಾಗಿ ಅಚ್ಚು ಹಾಕಿತು. ತಂತ್ರಾಂಶದ ರಫ್ತಿಗೆ ನಿರ್ಬಂಧವಿತ್ತು, ಪುಸ್ತಕದ ರಫ್ತಿಗೆ ಇರಲಿಲ್ಲ! ಕಾನೂನಿನ ಅಕ್ಷರವನ್ನು ಅಕ್ಷರಶಃ ಪಾಲಿಸಿ ಅದನ್ನು ಮಣಿಸಿದ ಇಂಥ ಪ್ರಸಂಗಗಳು ಆಡಳಿತದ ಚರಿತ್ರೆಯಲ್ಲಿ ಅಪರೂಪ.

ಸರ್ಕಾರವನ್ನು ಗೆದ್ದ ಪಿಜಿಪಿ ಬಳಕೆದಾರನ ಮುಂದೆ ಸೋತಿತು. ಆಲ್ಮಾ ವಿಟನ್ ಮತ್ತು ಡಗ್ ಟೈಗರ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಮಿಂಚಂಚೆ ಬಳಸಿ ರೂಢಿಯಿದ್ದ ಹನ್ನೆರಡು ಮಂದಿಗೆ ಪಿಜಿಪಿಯ 5.0 ಆವೃತ್ತಿಯನ್ನೂ ತೊಂಬತ್ತು ನಿಮಿಷಗಳ ಕಾಲಾವಕಾಶವನ್ನೂ ಕೊಟ್ಟು, ಒಂದು ಗುಟ್ಟಿನ ಸಂದೇಶವನ್ನು ಸಹಿ ಮಾಡಿ, ಮುಚ್ಚಿ ಕಳಿಸುವಂತೆ ಹೇಳಲಾಯಿತು. ಸರಿಯಾಗಿ ಕಳಿಸಲು ಶಕ್ತರಾದವರು ಮೂರರಲ್ಲಿ ಒಂದು ಪಾಲು. ನಾಲ್ಕರಲ್ಲಿ ಒಂದು ಪಾಲು ಜನ ಸಂದೇಶವನ್ನು ಮುಚ್ಚಿದ್ದೇವೆಂದೇ ನಂಬಿ ತೆರೆದ ಅಂಚೆಯಲ್ಲಿ ಕಳಿಸಿಬಿಟ್ಟರು. ಬೀಗವಿಲ್ಲವೆಂದು ಗೊತ್ತಿರುವವನು ಎಚ್ಚರದಿಂದಾದರೂ ಇರುತ್ತಾನೆ. ಬೀಗವಿದೆಯೆಂದು ತಪ್ಪಾಗಿ ತಿಳಿದವನು ಆ ಎಚ್ಚರವನ್ನೂ ಕಳೆದುಕೊಂಡಿರುತ್ತಾನೆ.

ಇದು ತಂತ್ರಜ್ಞಾನ ಬಾರದವರ ಪಾಡು ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗೂಢಚರ್ಯೆಯ ದಾಖಲೆಗಳನ್ನು ಹೊರಹಾಕಲು ನಿರ್ಧರಿಸಿ 2012ರ ಡಿಸೆಂಬರಿನಲ್ಲಿ ಮೊದಲು ಸಂಪರ್ಕಿಸಿದ್ದು ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್ ಅವರನ್ನು. ಪಿಜಿಪಿ ಅಳವಡಿಸಿಕೊಳ್ಳುವಂತೆ ಕೇಳಿಕೊಂಡರು. ಹೇಗೆಂದು ತೋರಿಸುವ ವಿಡಿಯೊವನ್ನೂ ತಯಾರಿಸಿಕೊಟ್ಟರು. ಗ್ರೀನ್‌ವಾಲ್ಡ್ ಅದಕ್ಕೆ ಸಮಯ ಮಾಡಿಕೊಳ್ಳಲಿಲ್ಲ. ಸ್ನೋಡೆನ್ ಚಿತ್ರ ನಿರ್ದೇಶಕಿ ಲಾರಾ ಪೊಯ್ಟ್ರಾಸ್ ಅವರ ಕಡೆಗೆ ತಿರುಗಬೇಕಾಯಿತು. ಅವರಿಗೆ ಅದಾಗಲೇ ಗೂಢಲಿಪಿ ರೂಢಿಯಲ್ಲಿತ್ತು. ಶತಮಾನದ ದೊಡ್ಡ ಸುದ್ದಿಗಳಲ್ಲೊಂದು ಸೆಟ್ಟಿಂಗ್ಸ್ ಪುಟದ ಬಾಗಿಲಲ್ಲಿ ಹಲವು ವಾರ ಕಾದು ನಿಂತಿತ್ತು.

ಇಂದು ಪರಿಸ್ಥಿತಿ ಸುಧಾರಿಸಿದೆ ಎಂಬುದನ್ನು ಒಪ್ಪಬೇಕು. ಥಂಡರ್‌ಬರ್ಡ್ ಎಂಬ ಉಚಿತ ಮಿಂಚಂಚೆ ತಂತ್ರಾಂಶದಲ್ಲಿ 2020ರಿಂದ ಈ ಸೌಲಭ್ಯ ಒಳಗೇ ಅಡಕವಾಗಿದೆ. ಅದಕ್ಕೂ ಮೊದಲು ಎನಿಗ್‌ಮೇಲ್ ಎಂಬ ಹೆಚ್ಚುವರಿ ಭಾಗವನ್ನೂ ಗ್ನೂಪಿಜಿ ಎಂಬ ಪ್ರತ್ಯೇಕ ತಂತ್ರಾಂಶವನ್ನೂ ಜೋಡಿಸಿಕೊಳ್ಳಬೇಕಿತ್ತು. ಕೀಲಿಯ ಉದ್ದ ಎಷ್ಟಿರಬೇಕೆಂಬ ಪ್ರಶ್ನೆಗೆ ಈಗ ಬಳಕೆದಾರ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆರ್‌ಎಸ್‌ಎ ಪದ್ಧತಿಯ 768 ಬಿಟ್‌ಗಳ ಸಂಖ್ಯೆಯನ್ನು 2009ರಲ್ಲಿಯೂ 829 ಬಿಟ್‌ಗಳ ಸಂಖ್ಯೆಯನ್ನು 2020ರಲ್ಲಿಯೂ ಗಣಿತಜ್ಞರು ಒಡೆದಿದ್ದಾರೆ. ತಂತ್ರಾಂಶಗಳು ತಾವಾಗಿಯೇ ಅದಕ್ಕಿಂತ ಎಷ್ಟೋ ಭದ್ರವಾದ ಕೀಲಿಗಳನ್ನು ತಯಾರಿಸಿಕೊಡುತ್ತವೆ. ಅವು ಕೊಟ್ಟದ್ದನ್ನು ಒಪ್ಪಿಕೊಳ್ಳುವುದೇ ಲೇಸು. ಆದರೆ ತಂತ್ರಾಂಶ ನಮ್ಮ ಪರವಾಗಿ ತೀರ್ಮಾನಿಸಲಾರದ, ಅಥವಾ ತೀರ್ಮಾನಿಸಿದರೂ ನಮಗೆ ಹಿತವಾಗದ ಕೆಲವು ಹೊಂದಿಕೆಗಳು ಉಳಿದೇ ಇವೆ.

ಮೊದಲನೆಯದು ಖಾಸಗಿ ಕೀಲಿಯ ಕಾವಲು. ಥಂಡರ್‌ಬರ್ಡ್ ಈ ಕೀಲಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಮುಚ್ಚುವ ಗುಪ್ತಪದವನ್ನು ತಾನೇ ಸೃಷ್ಟಿಸಿ ಅದನ್ನೂ ಅಲ್ಲೇ ಇಡುತ್ತದೆ. ಪ್ರೈಮರಿ ಪಾಸ್‌ವರ್ಡ್ ಎಂಬುದನ್ನು ನಾವು ನಿಗದಿಪಡಿಸದಿದ್ದರೆ ಇದು ಬೀರುವಿಗೆ ಬೀಗ ಹಾಕಿ ಕೀಲಿಕೈಯನ್ನು ಅದರ ಮೇಲಿಟ್ಟಂತೆ. ರಿಪೇರಿಗೆ ಕೊಟ್ಟ ಕಂಪ್ಯೂಟರಿನಿಂದ ಆ ಕಡತಗಳನ್ನು ನಕಲು ಮಾಡಿಕೊಂಡವನಿಗೆ ಹಳೆಯ ಪತ್ರಗಳೆಲ್ಲ ತೆರೆದ ಪುಸ್ತಕ. ತಮ್ಮ ಕಂಪ್ಯೂಟರನ್ನು ಪರರ ಕೈಗೆ ಕೊಡುವ ಯಾರಿಗಾದರೂ ಈ ಒಂದು ಹೊಂದಿಕೆ ಕೀಲಿಯ ಉದ್ದಕ್ಕಿಂತ ಹೆಚ್ಚು ಮುಖ್ಯವಾದದ್ದು.

ಎರಡನೆಯದು ಕೀಲಿಯ ಆಯುಷ್ಯ. ಗ್ನೂಪಿಜಿಯ ಹೊಸ ಆವೃತ್ತಿಗಳು ಕೀಲಿಗೆ ಎರಡು-ಮೂರು ವರ್ಷಗಳ ಗಡುವನ್ನು ತಾವಾಗಿ ಸೂಚಿಸುತ್ತವೆ. ಪದೇ ಪದೇ ನವೀಕರಿಸುವ ಗೊಡವೆ ಬೇಡವೆಂದು ಗಡುವಿಲ್ಲದ ಕೀಲಿಯನ್ನು ಆರಿಸಿಕೊಳ್ಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಗುಪ್ತಪದ ಮರೆತು ಹೋದರೆ, ಡಿಸ್ಕ್ ಕೆಟ್ಟರೆ, ಆ ಕೀಲಿಯ ಸಾರ್ವಜನಿಕ ಅರ್ಧ ಮಾತ್ರ ಊರೆಲ್ಲ ಉಳಿದುಕೊಳ್ಳುತ್ತದೆ. ಜನ ಅದಕ್ಕೇ ಪತ್ರ ಕಳಿಸುತ್ತಿರುತ್ತಾರೆ, ಯಾರೂ ತೆರೆಯಲಾರರು. ಗಡುವಿದ್ದರೆ ಅದು ತಾನಾಗಿ ಸಾಯುತ್ತದೆ. ಬೇಕಾದಾಗ ಕೊಲ್ಲುವುದಕ್ಕೆ ರದ್ದತಿ ಪತ್ರವೆಂಬುದೂ ಇದೆ. ಕೀಲಿ ತಯಾರಾದಾಗಲೇ ಗ್ನೂಪಿಜಿ ಅದನ್ನೂ ತಯಾರಿಸಿಡುತ್ತದೆ. ಆದರೆ ಅದೇ ಡಿಸ್ಕಿನ ಒಂದು ಮೂಲೆಯಲ್ಲಿ. ಅದನ್ನು ಕಾಗದದ ಮೇಲೆ ಮುದ್ರಿಸಿ ಆಸ್ತಿಪತ್ರಗಳ ಜತೆ ಇಡುವ ಕೆಲಸ ನಮ್ಮದೇ.

ಮೂರನೆಯದು ಚಿಕ್ಕದಾಗಿ ಕಂಡರೂ ಕಾಡುವಂಥದು. ಪರರ ಕೀಲಿಯಿಂದ ಮುಚ್ಚಿದ ಪತ್ರವನ್ನು ಕಳಿಸಿದವನೂ ಮತ್ತೆ ಓದಲಾರ, ಸ್ವಂತ ಕೀಲಿಯಿಂದಲೂ ಮುಚ್ಚುವ ಹೊಂದಿಕೆ ಇಲ್ಲದಿದ್ದರೆ. ಇದಕ್ಕೆ ತದ್ವಿರುದ್ಧವಾದ ಅಪಾಯ ಕರಡುಗಳದ್ದು. ಪತ್ರ ಬರೆಯುತ್ತಿರುವಾಗಲೇ ಕರಡು ಪ್ರತಿಗಳು ಕೆಲವು ನಿಮಿಷಗಳಿಗೊಮ್ಮೆ ಅಂಚೆಸೇವೆಯ ಕಂಪ್ಯೂಟರಿಗೆ ಹೋಗಿ ಕೂರುತ್ತವೆ. ಕರಡನ್ನೂ ಮುಚ್ಚಿಡು ಎಂಬ ಗುರುತು ಇಲ್ಲದಿದ್ದರೆ, ಕೊನೆಯಲ್ಲಿ ಭದ್ರವಾಗಿ ಹೊರಟ ಪತ್ರದ ಬರಿಮೈ ಪ್ರತಿಯೊಂದು ಅಲ್ಲೇ ಉಳಿದಿರುತ್ತದೆ. ಪತ್ರದ ವಿಷಯ ಸಾಲಿಗೂ ಇದೇ ಮಾತು. ಮೂಲ ಪದ್ಧತಿಯಲ್ಲಿ ಅದು ಮುಚ್ಚಲ್ಪಡುವುದೇ ಇಲ್ಲ. ಹೊಸ ಥಂಡರ್‌ಬರ್ಡ್ ಅದನ್ನೂ ಒಳಕ್ಕೆ ಸೇರಿಸಿ ಹೊರಗೆ ಮೂರು ಚುಕ್ಕಿ ಮಾತ್ರ ತೋರಿಸುತ್ತದೆ. ಎಲ್ಲ ತಂತ್ರಾಂಶಗಳೂ ಹಾಗೆ ಮಾಡುವುದಿಲ್ಲ. ಕಳಿಸಿದವರು, ಪಡೆದವರು, ಕಳಿಸಿದ ವೇಳೆ ಇವುಗಳನ್ನಂತೂ ಯಾವ ಹೊಂದಿಕೆಯೂ ಮರೆಮಾಡದು. ಲಕೋಟೆಯ ಮೇಲಿನ ವಿಳಾಸವನ್ನು ಮುಚ್ಚಿದರೆ ಅಂಚೆಯವನು ಎಲ್ಲಿಗೆ ಕೊಡಬೇಕು?

ಇನ್ನು ಪತ್ರವನ್ನು ತೋರಿಸುವ ರೀತಿ. ಜರ್ಮನಿ ಮತ್ತು ಬೆಲ್ಜಿಯಂನ ಸಂಶೋಧಕರು 2018ರ ಮೇ ತಿಂಗಳಲ್ಲಿ ‘ಇಫೇಲ್’ ಎಂಬ ಹೆಸರಿನಲ್ಲಿ ಒಂದು ಕುತಂತ್ರವನ್ನು ಬಯಲು ಮಾಡಿದರು. ಹಿಂದೆಂದೋ ಕದ್ದಿಟ್ಟುಕೊಂಡ ಮುಚ್ಚಿದ ಪತ್ರವೊಂದನ್ನು ಆಗಂತುಕನು ಬಣ್ಣಬಣ್ಣದ ಎಚ್‌ಟಿಎಂಎಲ್ ಪತ್ರದ ನಡುವೆ ಹುದುಗಿಸಿ ಅದರ ಒಡೆಯನಿಗೇ ಕಳಿಸುತ್ತಾನೆ. ಒಡೆಯನ ತಂತ್ರಾಂಶ ಅದನ್ನು ನಿಷ್ಠೆಯಿಂದ ಬಿಡಿಸುತ್ತದೆ. ಬಳಿಕ ಚಿತ್ರವೊಂದನ್ನು ತರಿಸಿಕೊಳ್ಳಲೆಂದು ಆಗಂತುಕನ ಕಂಪ್ಯೂಟರಿಗೆ ಬೇಡಿಕೆ ಸಲ್ಲಿಸುತ್ತದೆ. ಆ ಬೇಡಿಕೆಯ ವಿಳಾಸದೊಳಗೇ ಬಿಡಿಸಿದ ಪತ್ರದ ಪಠ್ಯ ಸೇರಿಕೊಂಡಿರುತ್ತದೆ. ಗೂಢಲಿಪಿಯನ್ನು ಯಾರೂ ಒಡೆಯಲಿಲ್ಲ. ಪತ್ರವನ್ನು ಅಂದವಾಗಿ ತೋರಿಸಬೇಕೆಂಬ ಹೊಂದಿಕೆ, ಪತ್ರವನ್ನು ತಿದ್ದಲಾಗಿದೆ ಎಂಬ ಸುಳಿವನ್ನು ಬರೀ ಎಚ್ಚರಿಕೆಯಾಗಿ ತೋರಿಸಿ ಮುಂದುವರಿಯುವ ಹೊಂದಿಕೆ, ಎರಡೂ ಸೇರಿ ಬಾಗಿಲು ತೆರೆದವು. ಅದೇ ವರ್ಷ ಗ್ನೂಪಿಜಿ ಇಂಥ ಪತ್ರವನ್ನು ಬಿಡಿಸಲು ನಿರಾಕರಿಸುವುದನ್ನೇ ತನ್ನ ನಿಯಮವಾಗಿ ಮಾಡಿಕೊಂಡಿತು. ಗುಟ್ಟಿನ ಪತ್ರಗಳನ್ನು ಸರಳ ಪಠ್ಯವಾಗಿ ಓದುವುದು, ದೂರದ ಚಿತ್ರಗಳನ್ನು ತರಿಸದಿರುವುದು ಇಂದಿಗೂ ಒಳ್ಳೆಯ ರೂಢಿ.

ಎಲ್ಲಕ್ಕಿಂತ ಕಷ್ಟದ್ದು, ಈ ಕೀಲಿ ನಿಜವಾಗಿ ಅವರದ್ದೇ ಎಂದು ತಿಳಿಯುವುದು. ಹಿಂದೆ ಕೀಲಿಯನ್ನು ಎಂಟು ಚಿಹ್ನೆಗಳ ಕಿರುಗುರುತಿನಿಂದ ಗುರುತಿಸುವ ವಾಡಿಕೆಯಿತ್ತು. ಅದೇ ಕಿರುಗುರುತು ಬರುವಂಥ ನಕಲಿ ಕೀಲಿಯನ್ನು ಕೆಲವೇ ಸೆಕೆಂಡುಗಳಲ್ಲಿ ತಯಾರಿಸಬಹುದೆಂದು 2014ರಲ್ಲಿ ತೋರಿಸಲಾಯಿತು. ಆದ್ದರಿಂದ ನಲವತ್ತು ಚಿಹ್ನೆಗಳ ಪೂರ್ಣ ಬೆರಳಚ್ಚನ್ನು ದೂರವಾಣಿಯಲ್ಲೋ ಮುಖಾಮುಖಿಯಾಗಿಯೋ ಓದಿ ತಾಳೆ ನೋಡಬೇಕು. ಕೀಲಿಗಳನ್ನು ಇಡುವ ಸಾರ್ವಜನಿಕ ಭಂಡಾರಗಳಿಂದ ಈ ಶ್ರಮ ತಪ್ಪೀತೆಂಬ ಆಸೆಯಿತ್ತು. ಪರಸ್ಪರ ಪರಿಚಿತರು ಒಬ್ಬರ ಕೀಲಿಗೆ ಇನ್ನೊಬ್ಬರು ಸಾಕ್ಷಿ ಸಹಿ ಹಾಕುತ್ತ ಹೋದರೆ ನಂಬಿಕೆಯ ಜಾಲವೊಂದು ಬೆಳೆಯುತ್ತದೆ ಎಂಬ ಲೆಕ್ಕಾಚಾರ. 2019ರ ಜೂನ್‌ನಲ್ಲಿ ಈ ಸಮುದಾಯದ ಇಬ್ಬರು ಪ್ರಮುಖರ ಕೀಲಿಗಳ ಮೇಲೆ ಯಾರೋ ಸುಮಾರು ಒಂದೂವರೆ ಲಕ್ಷ ಪೊಳ್ಳು ಸಹಿಗಳನ್ನು ಸುರಿದರು. ಅವನ್ನು ಇಳಿಸಿಕೊಂಡ ಗ್ನೂಪಿಜಿ ತಂತ್ರಾಂಶ ಭಾರಕ್ಕೆ ನಿಂತೇ ಹೋಗುತ್ತಿತ್ತು. ಯಾವುದನ್ನೂ ಅಳಿಸಬಾರದೆಂಬ ನಿಯಮದ ಮೇಲೆ ಕಟ್ಟಿದ್ದ ಭಂಡಾರಗಳಲ್ಲಿ ಅದನ್ನು ತೆಗೆಯುವ ದಾರಿಯೂ ಇರಲಿಲ್ಲ.

ಮುಟ್ಟದ ಹೊಂದಿಕೆಯ ಅರ್ಥಶಾಸ್ತ್ರ

ಇಷ್ಟನ್ನೆಲ್ಲ ಓದಿದ ಮೇಲೆ ಸಾಮಾನ್ಯ ಓದುಗ ಗೂಢಲಿಪಿಯ ಸಹವಾಸವೇ ಬೇಡವೆಂದರೆ ಅವರನ್ನು ದೂರುವಂತಿಲ್ಲ. ಇದು ಅವರ ಸೋಮಾರಿತನವಲ್ಲ. ಅರ್ಥಶಾಸ್ತ್ರ ಈ ನಡವಳಿಕೆಯನ್ನು ಚೆನ್ನಾಗಿ ಬಲ್ಲದು. ಅಮೆರಿಕದ ಕಂಪನಿಯೊಂದರ ನಿವೃತ್ತಿ ಉಳಿತಾಯ ಯೋಜನೆಯ ಕುರಿತು ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಡೆನ್ನಿಸ್ ಶಿಯಾ 2001ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸೇರಬೇಕಾದವರು ಅರ್ಜಿ ಹಾಕಬೇಕೆಂದಿದ್ದಾಗ ಸುಮಾರು ಅರ್ಧದಷ್ಟು ನೌಕರರು ಸೇರುತ್ತಿದ್ದರು. ಎಲ್ಲರೂ ತಾವಾಗಿಯೇ ಸೇರಿರುತ್ತಾರೆ, ಬೇಡವೆನ್ನುವವರು ಅರ್ಜಿ ಹಾಕಬೇಕು ಎಂದು ಬದಲಿಸಿದೊಡನೆ ಹೊಸ ನೌಕರರಲ್ಲಿ ಅದು ನೂರಕ್ಕೆ ಎಂಬತ್ತನ್ನು ದಾಟಿತು. ಯೋಜನೆ ಅದೇ, ಜನರೂ ಅಂಥವರೇ. ಬದಲಾದದ್ದು ಏನನ್ನೂ ಮುಟ್ಟದಿದ್ದರೆ ಏನಾಗುತ್ತದೆ ಎಂಬುದು ಮಾತ್ರ. ಈ ಬಗೆಯ ನಡವಳಿಕೆಯ ಅಧ್ಯಯನಕ್ಕಾಗಿ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಸಂದಿತು.

ಗೂಢಲಿಪಿಯಲ್ಲಿ ಇದಕ್ಕೆ ಸಾಕ್ಷಿ ನಮ್ಮ ಜೇಬಿನಲ್ಲೇ ಇದೆ. ಕಾಲು ಶತಮಾನ ಕಾಲ ಪಿಜಿಪಿಗೆ ಸಾಧ್ಯವಾಗದ್ದನ್ನು ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ ಮಾಡಿತು. ನೂರು ಕೋಟಿಗೂ ಹೆಚ್ಚು ಜನರ ಸಂದೇಶಗಳು ತುದಿಯಿಂದ ತುದಿಗೆ ಮುಚ್ಚಲ್ಪಟ್ಟವು. ಯಾರೂ ಕೀಲಿ ತಯಾರಿಸಲಿಲ್ಲ, ಚೌಕಕ್ಕೆ ಗುರುತು ಹಾಕಲಿಲ್ಲ. ಆದರೆ ಅಲ್ಲಿಯೂ ಗುರುತಿಲ್ಲದ ಚೌಕಗಳು ಉಳಿದಿವೆ. ಸಂದೇಶಗಳ ಮೀಸಲು ಪ್ರತಿ ಗೂಗಲ್ ಅಥವಾ ಆ್ಯಪಲ್ ಭಂಡಾರಕ್ಕೆ ಹೋಗುವಾಗ ಅದನ್ನೂ ಮುಚ್ಚುವ ಸೌಲಭ್ಯವನ್ನು 2021ರ ಅಕ್ಟೋಬರಿನಲ್ಲಿ ಕೊಟ್ಟರು. ಕೊಟ್ಟದ್ದು ಬೇಕೆನ್ನುವವರು ಹುಡುಕಿ ಆರಿಸಿಕೊಳ್ಳುವಂಥ ಆಯ್ಕೆಯಾಗಿ. ಆಚೆ ತುದಿಯವರ ಕೀಲಿ ಬದಲಾದಾಗ ತಿಳಿಸುವ ಸೂಚನೆಯೂ ಆಯ್ಕೆಯೇ. ಕೋಟ್ಯಂತರ ಜನ ಆ ಪುಟವನ್ನು ತೆರೆದೇ ನೋಡಿಲ್ಲ.

ಹೊಂದಿಕೆಗಳನ್ನು ನಿರ್ಧರಿಸುವವರು ಯಾರು, ಅವರ ಹೊಟ್ಟೆಪಾಡು ಏನು ಎಂಬುದನ್ನೂ ನೋಡಬೇಕು. ಗ್ನೂಪಿಜಿಯನ್ನು 1997ರಲ್ಲಿ ಆರಂಭಿಸಿದ ಜರ್ಮನಿಯ ವರ್ನರ್ ಕಾಕ್ ಹಲವು ವರ್ಷಗಳ ಕಾಲ ಬಹುಮಟ್ಟಿಗೆ ಒಬ್ಬಂಟಿಯಾಗಿ ಅದನ್ನು ನಡೆಸಿದರು. ಜಗತ್ತಿನೆಲ್ಲೆಡೆ ಪತ್ರಕರ್ತರೂ ತಂತ್ರಜ್ಞರೂ ಅವಲಂಬಿಸಿದ್ದ ಆ ತಂತ್ರಾಂಶಕ್ಕೆ ಹಣವೇ ಇಲ್ಲವೆಂದು 2015ರ ಫೆಬ್ರುವರಿಯಲ್ಲಿ ವರದಿಯಾದಾಗ ದೇಣಿಗೆಗಳು ಹರಿದುಬಂದವು. ಫೇಸ್‌ಬುಕ್ ಮತ್ತು ಸ್ಟ್ರೈಪ್ ಕಂಪನಿಗಳು ವರ್ಷಕ್ಕೆ ತಲಾ 50,000 ಡಾಲರ್ ಕೊಡುವುದಾಗಿ ಘೋಷಿಸಿದವು. ದೀಪಸ್ತಂಭವನ್ನು ಸಾರ್ವಜನಿಕ ಸರಕಿಗೆ ಉದಾಹರಣೆಯಾಗಿ ಕೊಡುವುದು ನಮ್ಮ ಕಾಲದ ಪಠ್ಯಪುಸ್ತಕಗಳ ರೂಢಿ. ಎಲ್ಲರಿಗೂ ಬೇಕು, ಯಾರೂ ಹಣ ಕೊಡರು. ಈಗ ಪಾಠ ಬರೆಯುವವರು ಗ್ನೂಪಿಜಿಯನ್ನೇ ಉದಾಹರಿಸಬಹುದು.

ಸರ್ಕಾರದ ಮುಟ್ಟುವಿಕೆ

ನಮ್ಮ ಸರ್ಕಾರ ಈ ಕ್ಷೇತ್ರವನ್ನು ಮುಟ್ಟಿದ್ದುಂಟು, ಆದರೆ ಹೆಚ್ಚಾಗಿ ತಪ್ಪು ಕಡೆಯಿಂದ. ಅಂತರಜಾಲ ಸೇವಾದಾರರಿಗೆ ದೂರಸಂಪರ್ಕ ಇಲಾಖೆ ಕೊಡುತ್ತಿದ್ದ ಹಳೆಯ ಪರವಾನಗಿಯಲ್ಲಿ ಜನಸಾಮಾನ್ಯರು ಅನುಮತಿಯಿಲ್ಲದೆ ಬಳಸಬಹುದಾದ ಗೂಢಲಿಪಿಗೆ 40 ಬಿಟ್‌ಗಳ ಮಿತಿಯಿತ್ತು. ಅದಕ್ಕಿಂತ ಹೆಚ್ಚಿನದು ಬೇಕಾದರೆ ಅನುಮತಿ ಪಡೆದು, ಕೀಲಿಯನ್ನು ಎರಡು ಭಾಗ ಮಾಡಿ ಇಲಾಖೆಯಲ್ಲಿ ಠೇವಣಿಯಿಡಬೇಕು. ಬರ್ಕ್ಲಿಯ ವಿದ್ಯಾರ್ಥಿಯೊಬ್ಬ 250 ಕಂಪ್ಯೂಟರುಗಳನ್ನು ಜೋಡಿಸಿ 40 ಬಿಟ್‌ಗಳ ಕೀಲಿಯನ್ನು ಮೂರೂವರೆ ಗಂಟೆಯಲ್ಲಿ ಒಡೆದದ್ದು 1997ರ ಜನವರಿಯಲ್ಲಿ. ಇತ್ತ ರಿಸರ್ವ್ ಬ್ಯಾಂಕ್ 2001ರಲ್ಲಿ ಹೊರಡಿಸಿದ ಅಂತರಜಾಲ ಬ್ಯಾಂಕಿಂಗ್ ಮಾರ್ಗಸೂಚಿಯಲ್ಲಿ ಕನಿಷ್ಠ 128 ಬಿಟ್ ಇರಲೇಬೇಕೆಂದಿತು. ಒಂದೇ ಸರ್ಕಾರದ ಒಂದು ಕೈ 40ನ್ನು ಗರಿಷ್ಠವೆಂದರೆ ಇನ್ನೊಂದು ಕೈ 128ನ್ನು ಕನಿಷ್ಠವೆಂದಿತು. ಎರಡನ್ನೂ ಏಕಕಾಲಕ್ಕೆ ಪಾಲಿಸುವುದು ಹೇಗೆಂದು ಯಾವ ಬ್ಯಾಂಕೂ ಲಿಖಿತವಾಗಿ ಕೇಳಿರಲಾರದು; ಕೇಳಿದರೆ ಉತ್ತರ ಬಂದೀತೆಂಬ ಭಯವೇ ಸಾಕು.

ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ತಂದ ತಿದ್ದುಪಡಿಯ 84ಎ ಕಲಮು ಗೂಢಲಿಪಿಯ ವಿಧಾನಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಅದರಡಿ 2015ರ ಸೆಪ್ಟೆಂಬರಿನಲ್ಲಿ ಕರಡು ನೀತಿಯೊಂದು ಹೊರಬಿತ್ತು. ಮುಚ್ಚಿ ಕಳಿಸಿದ ಸಂದೇಶಗಳ ತೆರೆದ ಪ್ರತಿಯನ್ನು ನಾಗರಿಕರೂ 90 ದಿನ ಇಟ್ಟುಕೊಂಡಿರಬೇಕು, ಕೇಳಿದಾಗ ಒಪ್ಪಿಸಬೇಕು ಎಂದಿತ್ತು ಅದರಲ್ಲಿ. ಟೀಕೆಯ ಬಿರುಸಿಗೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ತನಿಖಾ ಸಂಸ್ಥೆಗಳ ಕಷ್ಟ ನನಗೆ ಅರ್ಥವಾಗದ್ದಲ್ಲ. ಅದಕ್ಕಾಗಿ 69ನೆಯ ಕಲಮು ಇದೆ. ಕಾನೂನುಬದ್ಧ ಆದೇಶದ ಮೇಲೂ ಬಿಡಿಸಿಕೊಡಲು ಸಹಕರಿಸದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಒಬ್ಬ ಶಂಕಿತನಿಗಾಗಿ ಎಲ್ಲರ ಮನೆಯ ಬೀಗವನ್ನೂ ಸಡಿಲಿಸಿಡಬೇಕೆಂಬುದು ಮಾತ್ರ ಒಪ್ಪತಕ್ಕ ಮಾತಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿ ಸಲ್ಲಿಸಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆ ಹೆಮ್ಮೆಯ ವಿಷಯ.

ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯಿದೆ ಸೂಕ್ತ ಭದ್ರತಾ ಕ್ರಮ ಕೈಗೊಳ್ಳದ ಸಂಸ್ಥೆಗಳಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ನಮೂದಿಸಿದೆ. ಮೊತ್ತ ದೊಡ್ಡದು. ಆದರೆ ಹೆಸರಿನ ನಾಲ್ಕಕ್ಷರ ಮತ್ತು ಹುಟ್ಟಿದ ವರ್ಷವನ್ನು ಗುಪ್ತಪದವೆನ್ನುವ ಪರಿಪಾಠ ‘ಸೂಕ್ತ ಭದ್ರತಾ ಕ್ರಮ’ವೇ ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ. ನಾಗರಿಕನೇ ತನ್ನ ಇಷ್ಟದ ಗುಪ್ತಪದವನ್ನು ನಮೂದಿಸಿ ಕಡತ ಇಳಿಸಿಕೊಳ್ಳುವಂತೆ ಜಾಲತಾಣವನ್ನು ರೂಪಿಸುವುದು ದೊಡ್ಡ ತಾಂತ್ರಿಕ ಸಾಹಸವೇನಲ್ಲ. ಹಳ್ಳಿಯ ಹಿರಿಯರು ಮರೆತುಬಿಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಂಥವರಿಗೆ ಈಗಿನ ಕ್ರಮವನ್ನು ಆಯ್ಕೆಯಾಗಿ ಉಳಿಸಬಹುದು. ಇಂದು ಆಯ್ಕೆಯೆಂಬುದೇ ಯಾರಿಗೂ ಇಲ್ಲ.

ಕಚೇರಿಗಳು ಗೂಢಲಿಪಿಗೆ ಬದಲಾಗುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗ, ಎರಡು ಕೀಲಿಕೈ ಬೇರೆ ಬೇರೆ ಅಧಿಕಾರಿಗಳ ವಶದಲ್ಲಿ, ನಕಲಿ ಕೀಲಿಕೈ ಇನ್ನೆಲ್ಲೋ ಮುದ್ರೆಯೊತ್ತಿದ ಪೊಟ್ಟಣದಲ್ಲಿ ಎಂಬ ಏರ್ಪಾಡನ್ನು ನಮ್ಮ ಹಿರಿಯರು ಕಾರಣವಿಲ್ಲದೆ ಮಾಡಿರಲಿಲ್ಲ. ಅಧಿಕಾರಿಯೊಬ್ಬರ ವೈಯಕ್ತಿಕ ಕೀಲಿಗೆ ಮುಚ್ಚಿ ಕಳಿಸಿದ ಪತ್ರಗಳನ್ನು ಅವರು ವರ್ಗವಾದ ಮೇಲೆ, ನಿವೃತ್ತರಾದ ಮೇಲೆ, ಅಕಸ್ಮಾತ್ ತೀರಿಕೊಂಡ ಮೇಲೆ ತೆರೆಯುವವರು ಯಾರು? ಕಚೇರಿಯ ಹೆಸರಿನ ಎರಡನೆಯ ಕೀಲಿಗೂ ಪತ್ರವನ್ನು ಮುಚ್ಚುವ ಸೌಲಭ್ಯವನ್ನು ಪಿಜಿಪಿ 1997ರಲ್ಲಿ ಕೊಟ್ಟಾಗ ಖಾಸಗಿತನದ ಪ್ರತಿಪಾದಕರು ಅದನ್ನು ಹಿಂಬಾಗಿಲೆಂದು ಟೀಕಿಸಿದರು. ಖಾಸಗಿ ವ್ಯಕ್ತಿಗಳ ಮಟ್ಟಿಗೆ ಅವರ ಆತಂಕ ಸರಿ. ಕಚೇರಿಯ ಪತ್ರ ಕಚೇರಿಯದ್ದು. ಆ ಎರಡನೆಯ ಕೀಲಿಯನ್ನು ಇಬ್ಬರು ಸೇರಿ ಮಾತ್ರ ಬಳಸುವಂತೆ ಇಡಬಹುದು, ಬಳಸಿದಾಗಲೆಲ್ಲ ದಾಖಲಿಸಬಹುದು. ಹಾಗೆ ಮಾಡಿದ ಕಚೇರಿಯಲ್ಲಿ ಹೊಸಬರು ಅಧಿಕಾರ ವಹಿಸಿಕೊಳ್ಳುವ ದಿನ ಪ್ರಭಾರ ಪಟ್ಟಿಗೂ ಒಂದು ಸಾಲು ಸೇರಬೇಕಾಗುತ್ತದೆ. ಬೀರುವಿನ ಕೀಲಿಕೈ, ಮೊಹರು, ಚೆಕ್ ಪುಸ್ತಕ ಎಂದು ಬರೆದುಕೊಂಡು ಬಂದ ಆ ಪಟ್ಟಿಯಲ್ಲಿ ಕೀಲಿಯ ನಲವತ್ತು ಚಿಹ್ನೆಗಳ ಬೆರಳಚ್ಚು, ಅದರ ಗಡುವಿನ ದಿನಾಂಕ ಮತ್ತು ರದ್ದತಿ ಪತ್ರ ಇರುವ ಜಾಗ, ಕೆಳಗೆ ಇಬ್ಬರ ಸಹಿ.